ಪುಸ್ತಕದ ಅಂಕಿಯೋ, ಉಷ್ಣತಾಮಾಪಕದ ಅಂಕಿಯೋ?

ಕಾಲೇಜಿನ ರಸಾಯನ ಪ್ರಯೋಗಶಾಲೆಗಳಲ್ಲಿ ವರ್ಷವರ್ಷವೂ ತಪ್ಪದೆ ನಡೆಯುವ ಪ್ರಯೋಗವೊಂದುಂಟು. ವಿದ್ಯಾರ್ಥಿಯ ಕೈಗೆ ಒಂದು ಚಿಟಿಕೆ ಬಿಳಿಯ ಪುಡಿಯನ್ನು ಕೊಡುತ್ತಾರೆ. ಅವನು ಅದನ್ನು ಒಂದು ತುದಿ ಮುಚ್ಚಿದ ಸಣ್ಣ ಲೋಮನಾಳದಲ್ಲಿ ತುಂಬಿ, ನಾಳವನ್ನು ಉಷ್ಣತಾಮಾಪಕದ ಬುರುಡೆಗೆ ತಾಗಿರುವಂತೆ ಕಟ್ಟಿ, ಎರಡನ್ನೂ ಎಣ್ಣೆಯಲ್ಲಿ ಇಳಿಬಿಟ್ಟು ಕಾಯಿಸುತ್ತಾನೆ. ಪುಡಿ ಕರಗಿ ತಿಳಿಯಾದಾಗ ಪಾದರಸವು ಎಲ್ಲಿ ನಿಂತಿದೆಯೆಂಬುದನ್ನು ಓದಿಕೊಳ್ಳುತ್ತಾನೆ. ಅದು ಆ ವಸ್ತುವಿನ ದ್ರವನ ಬಿಂದು. ಕೊಟ್ಟ ಪುಡಿಯು ಬೆಂಜೋಯಿಕ್ ಆಮ್ಲವೆಂದು ಇಟ್ಟುಕೊಳ್ಳೋಣ. ಪಾದರಸವು 119 ಡಿಗ್ರಿಯಲ್ಲಿ ನಿಂತಿದೆ. ಪುಸ್ತಕವಾದರೋ 122 ಎನ್ನುತ್ತದೆ. (ಈ ಲೇಖನದಲ್ಲಿ ಡಿಗ್ರಿ ಎಂದಲ್ಲೆಲ್ಲ ಸೆಲ್ಸಿಯಸ್ ಡಿಗ್ರಿ ಎಂದೇ ತಿಳಿಯತಕ್ಕದ್ದು.) ವಿದ್ಯಾರ್ಥಿಯು ಈಗ ಏನನ್ನು ಬರೆಯಬೇಕು?

ಏನನ್ನು ಬರೆಯುತ್ತಾನೆಂಬುದು ಗುಟ್ಟಿನ ಸಂಗತಿಯೇನೂ ಅಲ್ಲ. ಪಕ್ಕದವನ ಪುಸ್ತಕದ ಮೇಲೊಮ್ಮೆ ಕಣ್ಣು ಹಾಯಿಸಿ, ತೀರ ಸರಿಯಾಗಿ ಬಂದರೆ ಗುರುಗಳಿಗೆ ಸಂಶಯ ಬಂದೀತೆಂದು 121.5 ಎಂದು ಬರೆಯುತ್ತಾನೆ. ಕಂಡದ್ದನ್ನೇ ಕಂಡಂತೆ 119 ಎಂದು ಬರೆದ ಸರಳ ಮನಸ್ಸಿನವನಿಗೆ ಎರಡು ಅಂಕ ಕಡಮೆ ಬೀಳುತ್ತವೆ. ವಿಜ್ಞಾನವೆಂದರೆ ಪ್ರಕೃತಿಯನ್ನು ಕೇಳಿ ತಿಳಿಯುವುದೆಂದು ತರಗತಿಯಲ್ಲಿ ಬೋಧಿಸುವ ನಾವೇ, ಪ್ರಕೃತಿಯ ಉತ್ತರ ಪುಸ್ತಕಕ್ಕೆ ಹೊಂದದಿದ್ದರೆ ಪುಸ್ತಕವನ್ನೇ ನಂಬಬೇಕೆಂದು ಪ್ರಯೋಗಶಾಲೆಯಲ್ಲಿ ಕಲಿಸುತ್ತಿದ್ದೇವೆ. ಈ ತಪ್ಪಿನ ಹೊಣೆ ವಿದ್ಯಾರ್ಥಿಯದಲ್ಲ. ಎಂದೂ ಒರೆಗೆ ಹಚ್ಚದ ಮಾಪಕವನ್ನು ಅವನ ಕೈಗೆ ಕೊಟ್ಟು, ಅದರ ಓದಿಗಾಗಿ ಅವನಿಗೆ ಅಂಕವನ್ನೋ ಶಿಕ್ಷೆಯನ್ನೋ ವಿಧಿಸುವ ಏರ್ಪಾಡಿನದು. ಇದನ್ನು ಸರಿಪಡಿಸಲು ದೊಡ್ಡ ಧನಸಹಾಯವೇನೂ ಬೇಕಾಗಿಲ್ಲ. ಕೆಲವು ಪುಟ್ಟ ಸೀಸೆಗಳಲ್ಲಿ ಕೆಲವು ಗ್ರಾಮು ಶುದ್ಧವಾದ ಪುಡಿಗಳಿದ್ದರೆ ಸಾಕು. ಇವಕ್ಕೆ ಪ್ರಮಾಣದ್ರವ್ಯಗಳೆಂದು ಹೆಸರು.

ನಾನು ಭೌತಶಾಸ್ತ್ರವನ್ನು ಕಲಿಸುವವನು. ದ್ರವನ ಬಿಂದುವೆಂಬುದು ರಸಾಯನಶಾಸ್ತ್ರದವರ ಸೊತ್ತೆಂದು ಅವರು ಆಕ್ಷೇಪಿಸಬಹುದು. ಪುಡಿ ಅವರದು, ಒಪ್ಪಿದೆ. ಉಷ್ಣತಾಮಾಪಕ ಮಾತ್ರ ನಮ್ಮದು.

119 ಎಂಬ ಓದಿಗೆ ಇರಬಹುದಾದ ಅರ್ಥಗಳನ್ನು ನೋಡೋಣ. ಮೊದಲನೆಯದಾಗಿ, ಪುಡಿಯಲ್ಲಿ ಬೇರೆ ವಸ್ತುವಿನ ಬೆರಕೆ ಇರಬಹುದು. ಶುದ್ಧವಾದ ಸ್ಫಟಿಕವು ಕ್ಲುಪ್ತವಾದ ಒಂದು ಉಷ್ಣತೆಯಲ್ಲಿ ಥಟ್ಟನೆ ಕರಗುತ್ತದೆ. ಅನ್ಯವಸ್ತು ಸ್ವಲ್ಪ ಬೆರೆತರೂ ಕರಗುವಿಕೆ ಮೊದಲೇ ಆರಂಭವಾಗಿ ಹಲವು ಡಿಗ್ರಿಗಳವರೆಗೆ ಎಳೆದಾಡುತ್ತದೆ. ಉಪ್ಪು ಬೆರೆತ ಮಂಜುಗಡ್ಡೆ ಸೊನ್ನೆಗಿಂತ ಕೆಳಗಿನ ಉಷ್ಣತೆಯಲ್ಲಿ ಕರಗುವುದೂ ಇದೇ ನಿಯಮದಿಂದ. ಕೊಬ್ಬುಗಳನ್ನು ಕುರಿತ ತನ್ನ ಹೆಸರಾಂತ ಗ್ರಂಥವನ್ನು 1823ರಲ್ಲಿ ಪ್ರಕಟಿಸಿದ ಫ್ರೆಂಚ್ ವಿಜ್ಞಾನಿ ಶೆವ್ರಲ್, ವಸ್ತುವಿನ ಶುದ್ಧತೆಯನ್ನು ತಿಳಿಯಲು ದ್ರವನ ಬಿಂದುವನ್ನು ಬಳಸಿದವರಲ್ಲಿ ಮೊದಲಿಗನು. ಅಂದಿನಿಂದ ಅದು ರಸಾಯನಶಾಸ್ತ್ರಜ್ಞನಿಗೆ ವಸ್ತುವಿನ ಗುರುತನ್ನೂ ಗುಣವನ್ನೂ ಒಟ್ಟಿಗೇ ಹೇಳುವ ಸಾಕ್ಷಿಯಾಗಿದೆ. ಎರಡನೆಯದಾಗಿ, ಪುಡಿಯು ಬೆಂಜೋಯಿಕ್ ಆಮ್ಲವೇ ಆಗಿರದೆ ಇರಬಹುದು. ಮೂರನೆಯದಾಗಿ, ಪುಡಿಯೂ ಶುದ್ಧ, ವಿದ್ಯಾರ್ಥಿಯೂ ನಿಪುಣ, ಸುಳ್ಳು ಹೇಳುತ್ತಿರುವುದು ಉಷ್ಣತಾಮಾಪಕವೇ ಆಗಿರಬಹುದು. ಒಂದೇ ಅಂಕಿಗೆ ಮೂರು ಅರ್ಥ. ಮಾಪಕವನ್ನು ಪರೀಕ್ಷಿಸದ ಹೊರತು ಇವುಗಳಲ್ಲಿ ಯಾವುದು ನಿಜವೆಂದು ಹೇಳಲು ಸಾಧ್ಯವೇ ಇಲ್ಲ.

ಸಂತೆಯಲ್ಲಿ ಕುಳಿತು ಬೇಳೆ ಮಾರುವವನ ತೂಕದ ಬಟ್ಟಿಗೆ ಸರ್ಕಾರದ ಮುದ್ರೆ ಬೇಕು. ಅದನ್ನು ನಿಯತವಾದ ಅವಧಿಗೊಮ್ಮೆ ಪರೀಕ್ಷೆಗೆ ಒಪ್ಪಿಸಬೇಕು. ಒಪ್ಪಿಸದಿದ್ದರೆ ದಂಡ. ಕಾಲೇಜಿನ ಉಷ್ಣತಾಮಾಪಕವಾದರೋ ಕೊಂಡ ದಿನದಿಂದ ಒಡೆಯುವ ದಿನದವರೆಗೆ ಪ್ರಶ್ನಾತೀತ!

ಉಷ್ಣತಾಮಾಪಕ ತಪ್ಪುವುದು ಹೇಗೆ? ಗಾಜು ನೋಡಲು ಗಟ್ಟಿಯಾಗಿದ್ದರೂ ವರ್ಷಗಳು ಕಳೆದಂತೆ ಅದರ ಬುರುಡೆ ಬಹಳ ನಿಧಾನವಾಗಿ ಕುಗ್ಗುತ್ತದೆ. ಒಳಗಿನ ಪಾದರಸಕ್ಕೆ ಸ್ಥಳ ಸಾಲದೆ ಅದು ಮೇಲಕ್ಕೆ ಸರಿಯುತ್ತದೆ. ಉಷ್ಣಕ್ಕೂ ಕೆಲಸಕ್ಕೂ ಇರುವ ಸಂಬಂಧವನ್ನು ಅಳೆದ ಜೌಲ್ ಮಹಾಶಯನು ತನ್ನ ಒಂದು ಉಷ್ಣತಾಮಾಪಕದ ಸೊನ್ನೆಯ ಬಿಂದುವನ್ನು 1844ರಿಂದ 1882ರವರೆಗೆ ಆಗಾಗ ಪರೀಕ್ಷಿಸುತ್ತ ಬಂದನು. ಆ 38 ವರ್ಷಗಳಲ್ಲಿ ಅದು ಸುಮಾರು ಒಂದು ಫ್ಯಾರನ್‌ಹೀಟ್ ಡಿಗ್ರಿಯಷ್ಟು ಮೇಲೇರಿತ್ತು! ಮೊದಲ ವರ್ಷಗಳಲ್ಲಿ ಬೇಗಬೇಗನೆ, ಆಮೇಲಾಮೇಲೆ ಮೆಲ್ಲಮೆಲ್ಲನೆ. ಈಗಿನ ಗಾಜು ಅದಕ್ಕಿಂತ ಉತ್ತಮ. ಆದರೂ ಗಾಜು ಗಾಜೇ. ಒಂದೇ ಮಾಪಕವನ್ನು ಮೂವತ್ತೆಂಟು ವರ್ಷ ಒಡೆಯದೆ ಕಾಪಾಡಿದ ಕೈಯನ್ನೂ ಮೆಚ್ಚಬೇಕು.

ಇದಕ್ಕಿಂತ ದೊಡ್ಡ ತಪ್ಪು ನಮ್ಮ ಕಣ್ಣೆದುರಿಗೇ ಇದ್ದು ಕಣ್ಣಿಗೆ ಬೀಳದೆ ಹೋಗುತ್ತದೆ. ಅನೇಕ ಉಷ್ಣತಾಮಾಪಕಗಳಲ್ಲಿ ಅಂಕಿಗಳನ್ನು ಗುರುತಿಸುವಾಗ, ಪಾದರಸದ ದಾರವೆಲ್ಲವೂ ಬಿಸಿಯಲ್ಲಿ ಮುಳುಗಿರುವುದೆಂದು ಎಣಿಸಿರುತ್ತಾರೆ. (ಮುಳುಗಿಸಬೇಕಾದ ಆಳವನ್ನು ಗೆರೆ ಎಳೆದು ತೋರಿಸಿರುವ ಮಾಪಕಗಳ ಮಾತು ಬೇರೆ.) ದ್ರವನ ಬಿಂದುವಿನ ಪ್ರಯೋಗದಲ್ಲಿ ಮುಳುಗಿರುವುದು ಬುರುಡೆ ಮತ್ತು ಅದರ ಮೇಲಿನ ಸ್ವಲ್ಪ ಭಾಗ ಮಾತ್ರ. ಉಳಿದ ದಾರವು ತಣ್ಣನೆಯ ಗಾಳಿಯಲ್ಲಿರುವುದರಿಂದ ಹಿಗ್ಗಬೇಕಾದಷ್ಟು ಹಿಗ್ಗುವುದಿಲ್ಲ. ಓದು ಕಡಮೆ ಬರುತ್ತದೆ. ಎಷ್ಟು ಕಡಮೆ? ಹೊರಗಿರುವ ದಾರದ ಉದ್ದ ಎಷ್ಟು ಡಿಗ್ರಿಗಳದೋ ಅದನ್ನು, ಬುರುಡೆಗೂ ಹೊರಗಿನ ದಾರಕ್ಕೂ ಇರುವ ಉಷ್ಣತೆಯ ಅಂತರದಿಂದ ಗುಣಿಸಿ, ಬಂದದ್ದನ್ನು 0.00016ರಿಂದ ಗುಣಿಸಬೇಕು. ಈ ಸಣ್ಣ ಸಂಖ್ಯೆಯು ಪಾದರಸದ ಹಿಗ್ಗುವಿಕೆಗೂ ಗಾಜಿನ ಹಿಗ್ಗುವಿಕೆಗೂ ಇರುವ ವ್ಯತ್ಯಾಸ. ಬೆಂಜೋಯಿಕ್ ಆಮ್ಲದ ಪ್ರಯೋಗದಲ್ಲಿ 100 ಡಿಗ್ರಿಗಳಷ್ಟು ದಾರ ಹೊರಗಿದ್ದು, ಅದರ ಸರಾಸರಿ ಉಷ್ಣತೆ 40 ಡಿಗ್ರಿಯಾಗಿದ್ದರೆ, ತಪ್ಪು ಸುಮಾರು 1.3 ಡಿಗ್ರಿ. ಕೆಫೀನ್ ಕರಗುವ 236 ಡಿಗ್ರಿಯ ಹತ್ತಿರ 200 ಡಿಗ್ರಿಗಳಷ್ಟು ದಾರ ಹೊರಗಿದ್ದು, ಅದರ ಸರಾಸರಿ ಉಷ್ಣತೆ 60 ಆಗಿದ್ದರೆ, ತಪ್ಪು 5.6 ಡಿಗ್ರಿ! ಇದು ಯಾರ ಅಜಾಗರೂಕತೆಯಿಂದಲೂ ಆದದ್ದಲ್ಲ. ಕಾರ್ಖಾನೆಯವರು ಮಾಡಿದ ಮಾಪಕ ಸರಿಯಾಗಿಯೇ ಇದೆ. ನಾವು ಬಳಸುವ ರೀತಿ ಅವರು ಎಣಿಸಿದ ರೀತಿಯಲ್ಲ, ಅಷ್ಟೆ.

ಇನ್ನು ಅವಸರದ ತಪ್ಪು. ಪರೀಕ್ಷೆಯ ಗಂಟೆ ಹೊಡೆಯುವುದರೊಳಗೆ ಮುಗಿಸಬೇಕೆಂದು ಉರಿಯನ್ನು ಏರಿಸಿದರೆ ಎಣ್ಣೆ ಬೇಗ ಕಾಯುತ್ತದೆ. ನಾಳದೊಳಗಿನ ಪುಡಿ ಹಿಂದೆ ಉಳಿಯುತ್ತದೆ. ಪುಡಿ ಕರಗುವ ಹೊತ್ತಿಗೆ ಪಾದರಸ ಮುಂದಕ್ಕೆ ಓಡಿರುತ್ತದೆ. ಹೀಗಾಗಿ ಓದು ಹೆಚ್ಚು ಬರುತ್ತದೆ. ಹೊರಗಿನ ದಾರದಿಂದ ಕಡಮೆ, ಅವಸರದಿಂದ ಹೆಚ್ಚು. ಈ ಎರಡು ತಪ್ಪುಗಳು ಒಂದನ್ನೊಂದು ಹೊಡೆದುಹಾಕಿ ಪುಸ್ತಕದ 122 ಸರಿಯಾಗಿಯೇ ಬಂದುಬಿಡಬಹುದು. ಆಗ ಅತ್ಯಂತ ಕೆಟ್ಟದಾಗಿ ಪ್ರಯೋಗ ಮಾಡಿದವನಿಗೆ ಪೂರ್ಣಾಂಕ ದೊರೆಯುತ್ತದೆ. ನಿಧಾನವಾಗಿ, ಶ್ರದ್ಧೆಯಿಂದ ಕಾಯಿಸಿದವನಿಗೆ ದೊರೆಯುವುದಿಲ್ಲ. ಪುಸ್ತಕದ ಅಂಕಿಯನ್ನು ಮುಂದಿಟ್ಟುಕೊಂಡು ಅಂಕ ಕೊಡುವ ಪದ್ಧತಿಯ ವಿರುದ್ಧ ನನ್ನ ಮುಖ್ಯವಾದ ಆಕ್ಷೇಪಣೆ ಇದೇ. ಅದು ಪ್ರಾಮಾಣಿಕತೆಯನ್ನು ಮಾತ್ರವಲ್ಲ, ಕೈಯ ನೈಪುಣ್ಯವನ್ನೂ ಅಳೆಯಲಾರದು.

ಹಾಗಾದರೆ ಮಾಪಕವನ್ನು ಪರೀಕ್ಷಿಸುವುದು ಹೇಗೆ? ಮಂಜುಗಡ್ಡೆ ಮತ್ತು ಕುದಿಯುವ ನೀರು ಇವೆಯಲ್ಲ ಎಂದು ಪ್ರೌಢಶಾಲೆಯ ಓದುಗರು ಹೇಳಬಹುದು. 1742ರಲ್ಲಿ ಸ್ವೀಡನ್ನಿನ ಸೆಲ್ಸಿಯಸ್ ತನ್ನ ಮಾನವನ್ನು ನಿಲ್ಲಿಸಿದ್ದೂ ಇವೆರಡರ ಮೇಲೆಯೇ. (ಅವನು ಕುದಿಯುವ ನೀರಿಗೆ ಸೊನ್ನೆಯನ್ನೂ ಮಂಜುಗಡ್ಡೆಗೆ ನೂರನ್ನೂ ಕೊಟ್ಟಿದ್ದನು; ತಲೆಕೆಳಗಾಗಿದ್ದುದನ್ನು ಅನಂತರ ತಿರುಗಿಸಿದರು.) ಮಂಜುಗಡ್ಡೆ ಒಳ್ಳೆಯದೇ, ಬಟ್ಟಿ ಇಳಿಸಿದ ನೀರಿನಿಂದ ಅದನ್ನು ಮಾಡಿ, ಪುಡಿಗುಟ್ಟಿ, ಅಂಥದೇ ನೀರಿನೊಡನೆ ಬೆರೆಸಿಟ್ಟರೆ ಸೊನ್ನೆ ಡಿಗ್ರಿ ಸಿದ್ಧ. ಕುದಿಯುವ ನೀರನ್ನು ಮಾತ್ರ ನಂಬುವಂತಿಲ್ಲ. ಕುದಿಬಿಂದುವು ಗಾಳಿಯ ಒತ್ತಡವನ್ನು ಅವಲಂಬಿಸಿದೆ. ಬೆಂಗಳೂರು ಸಮುದ್ರಮಟ್ಟಕ್ಕಿಂತ 900 ಮೀಟರುಗಳಿಗೂ ಮೇಲಿದೆ. ಅಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಮಂಗಳೂರಿನಲ್ಲಿ ನೂರಕ್ಕೆ ತೀರ ಸಮೀಪ; ಮಡಿಕೇರಿಯಲ್ಲಿ ಬೆಂಗಳೂರಿಗಿಂತಲೂ ಕಡಮೆ. ಘಟ್ಟದ ಮೇಲಿನ ಕಾಲೇಜೊಂದರಲ್ಲಿ ವಿದ್ಯಾರ್ಥಿಯು ಕುದಿಯುವ ನೀರಿನಲ್ಲಿ ಮಾಪಕವನ್ನಿಟ್ಟು 97 ಎಂದು ಓದಿ, ಮಾಪಕ ಮೂರು ಡಿಗ್ರಿ ತಪ್ಪಿದೆಯೆಂದು ತಿದ್ದಿದನಾದರೆ, ಸರಿಯಾಗಿದ್ದುದನ್ನು ಕೆಡಿಸಿದಂತಾಯಿತು. ಘನವಸ್ತುಗಳ ದ್ರವನ ಬಿಂದುವಿಗೆ ಈ ತೊಂದರೆಯಿಲ್ಲ. ಮಂಜುಗಡ್ಡೆಯ ಮೇಲೆ ಇನ್ನೊಂದು ವಾಯುಮಂಡಲದಷ್ಟು ಒತ್ತಡ ಹೇರಿದರೂ ಅದರ ದ್ರವನ ಬಿಂದು ಬದಲಾಗುವುದು ಡಿಗ್ರಿಯ ನೂರನೆಯ ಒಂದು ಭಾಗಕ್ಕಿಂತ ಕಡಮೆ. ಸಾವಯವ ಸ್ಫಟಿಕಗಳಲ್ಲಿಯೂ ಬದಲಾವಣೆ ನೂರನೆಯ ಕೆಲವು ಭಾಗಗಳಷ್ಟೆ. ಕರಾವಳಿಯಲ್ಲಾಗಲಿ ಮಲೆನಾಡಿನಲ್ಲಾಗಲಿ ಶುದ್ಧವಾದ ಬೆಂಜೋಯಿಕ್ ಆಮ್ಲ ಕರಗುವುದು 122.4 ಡಿಗ್ರಿಯಲ್ಲಿಯೇ. ನಮ್ಮಂಥ ಎತ್ತರದ ಊರುಗಳವರಿಗೆ ಇದಕ್ಕಿಂತ ಒಳ್ಳೆಯ ಒರೆಗಲ್ಲು ಬೇರೆ ಯಾವುದಿದೆ?

ಈ ಒರೆಗಲ್ಲನ್ನು ನಂಬುವುದಾದರೂ ಹೇಗೆ? ಅದಕ್ಕೊಂದು ಸರಪಳಿಯಿದೆ. ಉಷ್ಣತೆಯ ಅಳತೆಗಾಗಿ ಲೋಕವೆಲ್ಲ ಒಪ್ಪಿ 1990ರಲ್ಲಿ ಜಾರಿಗೆ ಬಂದ ಮಾನದಲ್ಲಿ ಕೆಲವು ಶುದ್ಧ ವಸ್ತುಗಳ ಬಿಂದುಗಳನ್ನು ಗೊತ್ತುಮಾಡಿದ್ದಾರೆ. ಅಂಗೈಯ ಬಿಸಿಗೇ ಕರಗುವ ಗ್ಯಾಲಿಯಮ್ ಲೋಹದ್ದು 29.7646 ಡಿಗ್ರಿ, ಇಂಡಿಯಮ್ಮಿನದು 156.5985, ತವರದ್ದು 231.928. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಂತಹ ಸಂಸ್ಥೆಗಳು ಈ ಬಿಂದುಗಳನ್ನು ತಮ್ಮಲ್ಲಿ ಸಾಧಿಸಿ ಕಾಪಾಡುತ್ತವೆ. ಇವುಗಳಿಂದ ಪ್ಲಾಟಿನಮ್ ತಂತಿಯ ಉಷ್ಣತಾಮಾಪಕಗಳನ್ನು ಒರೆಹಚ್ಚುತ್ತಾರೆ. ಅಂತಹ ಮಾಪಕದಿಂದ ಅತಿಶುದ್ಧವಾದ ಸಾವಯವ ಪುಡಿಗಳ ದ್ರವನ ಬಿಂದುವನ್ನು ಅಳೆದು, ಪ್ರಮಾಣಪತ್ರದೊಡನೆ ಸೀಸೆಗೆ ತುಂಬುತ್ತಾರೆ. ಆ ಸೀಸೆಯ ಒಂದು ಚಿಟಿಕೆಯು ನಮ್ಮ ಪ್ರಯೋಗಶಾಲೆಯ ನಾಳಕ್ಕೆ ಬಂದಾಗ, ದೆಹಲಿಯಲ್ಲಿಯೋ ಪ್ಯಾರಿಸ್ಸಿನಲ್ಲಿಯೋ ಇರುವ ಮಾನವು ನಮ್ಮ ಮೇಜಿನ ಮೇಲಕ್ಕೆ ಬಂದಂತಾಯಿತು.

ಔಷಧಗಳ ಪರೀಕ್ಷೆಗಾಗಿ ಇಂತಹ ಪುಡಿಗಳನ್ನು ಗೊತ್ತುಪಡಿಸಿದ ಸಂಸ್ಥೆಗಳು ಹಲವು. ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಪ್ರಮಾಣದ್ರವ್ಯಗಳನ್ನು ಮೊದಲು ಸ್ವೀಡನ್ನಿನ ಪ್ರಯೋಗಾಲಯವೊಂದು ನೋಡಿಕೊಳ್ಳುತ್ತಿತ್ತು. 2010ರಿಂದ ಆ ಕೆಲಸ ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿರುವ ಐರೋಪ್ಯ ಔಷಧ ಗುಣ ನಿರ್ದೇಶನಾಲಯದ ಕೈಗೆ ಬಂದಿತು. ವೆನಿಲ್ಲಿನ್, ಅಸೆಟನಿಲೈಡ್, ಫಿನಾಸಿಟಿನ್, ಸಲ್ಫನಿಲಮೈಡ್, ಸಲ್ಫಪಿರಿಡೀನ್, ಕೆಫೀನ್ ಇವು ಈ ಕೆಲಸಕ್ಕೆ ಹಿಂದಿನಿಂದ ಬಳಕೆಯಲ್ಲಿರುವ ಪುಡಿಗಳು. ಸುಮಾರು 80ರಿಂದ 240 ಡಿಗ್ರಿಗಳವರೆಗೆ ಮೆಟ್ಟಲುಗಳಂತೆ ಇವುಗಳ ದ್ರವನ ಬಿಂದುಗಳು ಹರಡಿಕೊಂಡಿವೆ. ಈ ಪಟ್ಟಿಯಲ್ಲಿ ಒಂದು ವಿನೋದವಿದೆ. ವೆನಿಲ್ಲಿನ್ ಮತ್ತು ಕೆಫೀನ್ ಬಿಟ್ಟರೆ ಉಳಿದವೆಲ್ಲ ಒಂದು ಕಾಲದ ಹೆಸರಾಂತ ಔಷಧಗಳು! ಅಸೆಟನಿಲೈಡು 1886ರಲ್ಲಿ ಜ್ವರದ ಔಷಧಿಯಾಗಿ ಬಂದಿತು, ಫಿನಾಸಿಟಿನ್ ಮರುವರ್ಷ. ಒಂದು ರಕ್ತಕ್ಕೆ ಕೇಡು, ಇನ್ನೊಂದು ಮೂತ್ರಪಿಂಡಕ್ಕೆ ಕೇಡು ಎಂದು ತಿಳಿದಮೇಲೆ ವೈದ್ಯರು ಎರಡನ್ನೂ ಕೈಬಿಟ್ಟರು. ಶ್ವಾಸಕೋಶದ ಉರಿಯೂತವಾದಾಗ ಕೊಡುತ್ತಿದ್ದ ಔಷಧ ಸಲ್ಫಪಿರಿಡೀನ್. ಔಷಧವೃತ್ತಿಯಿಂದ ನಿವೃತ್ತರಾದ ಈ ಹಿರಿಯರು ಈಗ ಪ್ರಯೋಗಶಾಲೆಯಲ್ಲಿ ಸಾಕ್ಷಿ ಹೇಳುವ ಕೆಲಸದಲ್ಲಿದ್ದಾರೆ.

ಇಲ್ಲಿ ಓದುಗರು ಗಮನಿಸಬೇಕಾದ ಒಂದು ಸೂಕ್ಷ್ಮವುಂಟು. ಅಸೆಟನಿಲೈಡಿನ ದ್ರವನ ಬಿಂದು ಕೈಪಿಡಿಗಳಲ್ಲಿ 114.3 ಎಂದಿರುತ್ತದೆ, ಔಷಧ ಪರೀಕ್ಷೆಯ ಪ್ರಮಾಣದ್ರವ್ಯವಾದಾಗ ಅದಕ್ಕೆ ಸುಮಾರು 116 ಎಂದು ಕೊಡುತ್ತಾರೆ. ಎರಡರಲ್ಲಿ ಒಂದು ತಪ್ಪೆ? ಅಲ್ಲ. ಮೊದಲನೆಯದು ಘನವೂ ದ್ರವವೂ ಜೊತೆಯಲ್ಲಿ ನೆಮ್ಮದಿಯಾಗಿ ಇರಬಲ್ಲ ಉಷ್ಣತೆ. ಎರಡನೆಯದು, ನಿಮಿಷಕ್ಕೆ ಒಂದು ಡಿಗ್ರಿಯಂತೆ ಕಾಯಿಸುತ್ತ ಹೋದಾಗ ನಾಳದಲ್ಲಿ ಪುಡಿಯ ಕೊನೆಯ ಕಣವೂ ಮಾಯವಾಗುವ ಕ್ಷಣದ ಓದು. ಆದುದರಿಂದ ಪ್ರಮಾಣದ್ರವ್ಯದ ಅಂಕಿಯು ಅದನ್ನು ಪಡೆದ ವಿಧಾನದೊಡನೆ ಕೂಡಿಯೇ ಇರತಕ್ಕದ್ದು. ಪುಸ್ತಕದ ಅಂಕಿಯನ್ನೇ ನೆಚ್ಚಿದವನು, ಎಷ್ಟು ವೇಗದಲ್ಲಿ ಕಾಯಿಸಿದರು, ಕರಗಲು ತೊಡಗಿದ್ದನ್ನು ಬರೆದರೋ ಮುಗಿದದ್ದನ್ನೋ ಎಂಬುದನ್ನು ಕೇಳುವುದೇ ಇಲ್ಲ.

ಎಲ್ಲ ಪುಡಿಗಳೂ ಈ ಕೆಲಸಕ್ಕೆ ಬರಲಾರವು. ಯೂರಿಯಾ 133 ಡಿಗ್ರಿಯ ಸುಮಾರಿನಲ್ಲಿ ಕರಗುತ್ತದೆಂದು ಪುಸ್ತಕ ಹೇಳುತ್ತದೆ, ನಿಜ. ಆದರೆ ಮೆಲ್ಲಗೆ ಕಾಯಿಸಿದರೆ ಕರಗುವ ಹೊತ್ತಿಗೆ ಅದು ಒಡೆದು ಬೇರೆಯಾಗತೊಡಗುತ್ತದೆ. ಬಟ್ಟೆಯ ಪೆಟ್ಟಿಗೆಯಲ್ಲಿಡುವ ನುಸಿಗುಳಿಗೆಯನ್ನು ನ್ಯಾಫ್ತಲೀನ್ ಎಂದು ನಂಬಿ 80 ಡಿಗ್ರಿಯವರೆಗೆ ಕಾಯುವವರಿಗೆ, ಅದು 53 ಡಿಗ್ರಿಗೇ ನೀರಾಗಿ ಬೆರಗು ಹುಟ್ಟಿಸಬಹುದು. ಅಂತಹ ಗುಳಿಗೆಗಳಲ್ಲಿ ಕೆಲವು ಪ್ಯಾರಾಡೈಕ್ಲೋರೋಬೆಂಜೀನಿನವು.

ಈಗ ಪಾದರಸದ ಕಾಲವೇ ಮುಗಿಯುತ್ತಿದೆ. ಪಾದರಸದ ಬಳಕೆಯನ್ನು ತಗ್ಗಿಸಲು 2013ರಲ್ಲಿ ಅಂಗೀಕೃತವಾದ ಮಿನಮಾಟ ಒಪ್ಪಂದವು 2017ರಲ್ಲಿ ಜಾರಿಗೆ ಬಂದಿದೆ. ವಿದ್ಯುತ್ತಿನಿಂದ ಕಾಯುವ, ಅಂಕಿಯನ್ನು ತಾನೇ ಬೆಳಗಿ ತೋರಿಸುವ ಡಿಜಿಟಲ್ ಉಪಕರಣಗಳು ಕಾಲೇಜುಗಳಿಗೂ ಬಂದಿವೆ. ಇವು ಬಂದಮೇಲೆ ಪ್ರಮಾಣದ್ರವ್ಯವೇಕೆ ಎನ್ನುವ ಸಹೋದ್ಯೋಗಿಗಳಿದ್ದಾರೆ. ನನಗೆ ಇದು ತಲೆಕೆಳಗಾದ ವಾದವಾಗಿ ತೋರುತ್ತದೆ. ಪಾದರಸದ ಮುಂದೆ ನಿಂತವನಿಗೆ ತಾನು ಅರ್ಧ ಡಿಗ್ರಿಗಿಂತ ಸೂಕ್ಷ್ಮವಾಗಿ ಓದಲಾರೆನೆಂಬ ಅರಿವಾದರೂ ಇರುತ್ತಿತ್ತು. 119.3 ಎಂದು ಕೆಂಪಗೆ ಹೊಳೆಯುವ ಅಂಕಿಯ ಮುಂದೆ ಆ ವಿನಯವೂ ಉಳಿಯುವುದಿಲ್ಲ. ದಶಮಾಂಶದ ಬಿಂದುವಿನ ಆಚೆಗೆ ಅಂಕಿಯಿದೆಯೆಂದ ಮಾತ್ರಕ್ಕೆ ಈಚೆಗಿನದು ಸರಿಯೆಂದಾಗಲಿಲ್ಲ. ಒಳಗಿನ ಉಷ್ಣಸಂವೇದಕವೂ ಕಾಲಕ್ರಮದಲ್ಲಿ ಜಾರುತ್ತದೆ. ಅದು ಇರುವ ಜಾಗಕ್ಕೂ ನಾಳವಿರುವ ಜಾಗಕ್ಕೂ ಉಷ್ಣತೆಯ ಅಂತರವಿರುತ್ತದೆ. ಅದನ್ನು ತಿಳಿಯಲು ನಾಳದಲ್ಲಿ ಗೊತ್ತಿರುವ ಪುಡಿಯನ್ನು ಇಟ್ಟು ನೋಡುವುದೊಂದೇ ದಾರಿ. ಉಪಕರಣ ತಯಾರಿಸುವವರೇ ತಮ್ಮ ಕೈಪಿಡಿಗಳಲ್ಲಿ ಇದನ್ನು ಹೇಳಿರುತ್ತಾರೆ. ಕೈಪಿಡಿಯನ್ನು ಬೀರುವಿನಲ್ಲಿ ಭದ್ರವಾಗಿಟ್ಟಿರುವುದು ನಾವು.

ನನ್ನ ಸೂಚನೆ ಸರಳವಾದುದು. ವರ್ಷದ ಆರಂಭದಲ್ಲಿ ಪ್ರತಿಯೊಂದು ಮಾಪಕವನ್ನೂ ಮೂರು ನಾಲ್ಕು ಪ್ರಮಾಣದ್ರವ್ಯಗಳಿಂದ ಪರೀಕ್ಷಿಸಬೇಕು. ನಿರೀಕ್ಷಿತ ಬಿಂದುವಿಗೆ ಹತ್ತು ಡಿಗ್ರಿ ಕೆಳಗಿನಿಂದ ನಿಮಿಷಕ್ಕೆ ಒಂದು ಡಿಗ್ರಿಯಂತೆ ಕಾಯಿಸಿ, ಓದಿಗೂ ಪ್ರಮಾಣಪತ್ರದ ಅಂಕಿಗೂ ಇರುವ ಅಂತರವನ್ನು ಗುರುತುಹಾಕಿ, ಉಷ್ಣತೆಗೂ ತಿದ್ದುಪಡಿಗೂ ಒಂದು ರೇಖಾಚಿತ್ರವನ್ನು ಬರೆಯಬೇಕು. ಅದನ್ನು ಮಾಪಕದ ಕ್ರಮಸಂಖ್ಯೆಯೊಡನೆ ಗೋಡೆಗೆ ತೂಗುಹಾಕಬೇಕು. ಇದನ್ನು ಭೌತಶಾಸ್ತ್ರದ ವಿದ್ಯಾರ್ಥಿಗಳಿಗೇ ಒಂದು ಪ್ರಯೋಗವಾಗಿ ಕೊಡಬಹುದು. ಅವರ ಕೆಲಸದಿಂದ ಪಕ್ಕದ ಕೊಠಡಿಯವರಿಗೆ ಉಪಕಾರವಾಗುತ್ತದೆಂದು ತಿಳಿದರೆ ಅವರ ಕೈಯೂ ಜಾಗರೂಕವಾಗುತ್ತದೆ.

ಅಷ್ಟಕ್ಕೂ ಸಮಯವಿಲ್ಲದಿದ್ದರೆ ಇನ್ನೊಂದು ಉಪಾಯವಿದೆ. ಪರೀಕ್ಷಿಸಬೇಕಾದ ಪುಡಿಯ ನಾಳದ ಪಕ್ಕದಲ್ಲಿಯೇ ಪ್ರಮಾಣದ್ರವ್ಯದ ನಾಳವೊಂದನ್ನು ಕಟ್ಟಿ ಎರಡನ್ನೂ ಒಟ್ಟಿಗೆ ಕಾಯಿಸುವುದು. ಹೊರಗಿನ ದಾರ, ಹಳೆಯ ಗಾಜು, ಉರಿಯ ವೇಗ ಇವುಗಳ ತಪ್ಪು ಹೆಚ್ಚು ಕಡಮೆ ಎರಡಕ್ಕೂ ಸಮಾನ. ತಕ್ಕಡಿಯ ತೋಳುಗಳು ಸಮನಾಗಿಲ್ಲದಿದ್ದರೂ, ವಸ್ತುವನ್ನಿಟ್ಟ ತಟ್ಟೆಯಲ್ಲಿಯೇ ಅನಂತರ ತೂಕಗಳನ್ನಿಟ್ಟು ಸರಿಯಾಗಿ ತೂಗುವ ಬೋರ್ಡಾನ ವಿಧಾನವನ್ನು ಬಲ್ಲವರಿಗೆ ಇದರ ತತ್ತ್ವ ಹೊಸದಲ್ಲ. ಪ್ರಮಾಣವಾದ ಬೆಂಜೋಯಿಕ್ ಆಮ್ಲ 119.5ರಲ್ಲಿ ಕರಗಿ, ಜೊತೆಯಲ್ಲಿಯೇ ನಮ್ಮ ಪುಡಿಯೂ ಕರಗಿತೆಂದರೆ, ನಮ್ಮ ಪುಡಿಯ ನಿಜವಾದ ದ್ರವನ ಬಿಂದು 122.4. ಪ್ರಮಾಣವು ಥಟ್ಟನೆ ಕರಗಿ, ಅದಕ್ಕೆ ಮೂರು ಡಿಗ್ರಿ ಮೊದಲಿನಿಂದಲೇ ನಮ್ಮ ಪುಡಿ ಬೆವರತೊಡಗಿತ್ತೆಂದರೆ, ಅದು ಬೆರಕೆ. ಇಲ್ಲವೇ ಬೇರೆ ವಸ್ತು. 119ರ ಮೂರು ಅರ್ಥಗಳಲ್ಲಿ ಮಾಪಕದ ಪಾಲನ್ನು ಹೀಗೆ ಕಳೆದುಹಾಕಿದಮೇಲೆ, ಉಳಿದವನ್ನು ವಿಚಾರಿಸುವುದು ರಸಾಯನಶಾಸ್ತ್ರದ ಕೆಲಸ.

ಪರೀಕ್ಷಕರು ಅಂಕ ಕೊಡಬೇಕಾದುದು ಈ ತಿದ್ದಿದ ಅಂಕಿಗೆ ಮತ್ತು ಅದನ್ನು ತಿದ್ದಿದ ಬಗೆಗೆ. ಮಾಪಕದ ಓದು 119.5 ಎಂದೇ ಕಂಡಂತೆ ಬರೆದಿರಬೇಕು. ತಿದ್ದುಪಡಿಯನ್ನು ಬೇರೆ ಸಾಲಿನಲ್ಲಿ ತೋರಿಸಿರಬೇಕು. ಆಗ ಪಕ್ಕದವನ ಪುಸ್ತಕದ ಮೇಲೆ ಕಣ್ಣು ಹಾಯಿಸಿ ಪ್ರಯೋಜನವಿಲ್ಲ. ಏಕೆಂದರೆ ಅವನ ಮಾಪಕದ ತಪ್ಪು ಬೇರೆ. ಇಂದಿನ ವಿದ್ಯಾರ್ಥಿ ನಾಳೆ ಔಷಧದ ಕಾರ್ಖಾನೆಯಲ್ಲಿ ಗುಣಪರೀಕ್ಷಕನಾಗಬಹುದು, ಪರೀಕ್ಷಕಳಾಗಬಹುದು. ಬರಬೇಕಾದ ಅಂಕಿ ಯಾವುದೆಂದು ಅಲ್ಲಿಯೂ ಕಾಗದದಲ್ಲಿ ಮೊದಲೇ ಅಚ್ಚಾಗಿರುತ್ತದೆ. ಬಂದದ್ದನ್ನು ಬರೆಯುವ ಅಭ್ಯಾಸ ಕಾಲೇಜಿನಲ್ಲಿ ಆಗದಿದ್ದರೆ ಅಲ್ಲಿ ಹೊಸದಾಗಿ ಆಗುವುದೆಂದು ನಾನು ನಂಬಲಾರೆ. ಅಲ್ಲಿನ ಪುಡಿಯನ್ನು ನುಂಗುವವರು ರೋಗಿಗಳು.

ಖರ್ಚಿನ ಮಾತು. ಪ್ರಮಾಣಪತ್ರವಿರುವ ಪುಡಿಗಳಿಗೆ ಬೆಲೆ ಹೆಚ್ಚು, ನಿಜ. ಆದರೆ ಒಂದು ನಾಳಕ್ಕೆ ಬೇಕಾಗುವುದು ಎರಡು ಮೂರು ಮಿಲಿಗ್ರಾಮು ಮಾತ್ರ. ಒಂದು ಗ್ರಾಮಿನಲ್ಲಿ ಮುನ್ನೂರು ಸಲ ಪರೀಕ್ಷೆ ಮಾಡಬಹುದು. ಅದನ್ನೂ ಉಳಿಸಬೇಕೆಂದರೆ, ಬೆಂಜೋಯಿಕ್ ಆಮ್ಲವನ್ನು ಬಿಸಿನೀರಿನಿಂದ ಎರಡು ಮೂರು ಬಾರಿ ಸ್ಫಟಿಕೀಕರಿಸಿ, ಚೆನ್ನಾಗಿ ಒಣಗಿಸಿ, ವರ್ಷಕ್ಕೊಮ್ಮೆ ಪ್ರಮಾಣಪತ್ರದ ಪುಡಿಯೊಡನೆ ಹೋಲಿಸಿ ನೋಡಿಕೊಂಡು, ದಿನಬಳಕೆಗೆ ಇಟ್ಟುಕೊಳ್ಳಬಹುದು. ಫಿನಾಸಿಟಿನ್ ಆರೋಗ್ಯಕ್ಕೆ ಒಳ್ಳೆಯದಲ್ಲವಾದುದರಿಂದ ಕಾಲೇಜುಗಳು ಅದನ್ನು ಬಿಟ್ಟು ಉಳಿದವನ್ನು ತರಿಸುವುದು ಲೇಸು. ಸೀಸೆಗೆ ಬಿಗಿಯಾದ ಬಿರಡೆ ಇರಬೇಕು. ವೆನಿಲ್ಲಿನ್ನನ್ನು ಗಾಳಿ ಬೆಳಕುಗಳಿಂದ ದೂರವಿಡಬೇಕು, ತೆರೆದಿಟ್ಟರೆ ಅದು ಮೆಲ್ಲಗೆ ಕೆಡುತ್ತದೆ. ಕೆಫೀನ್ ಕರಗುವ ಮೊದಲೇ ಆವಿಯಾಗತೊಡಗುವುದರಿಂದ ಅದರ ನಾಳದ ಮೇಲಿನ ತುದಿಯನ್ನೂ ಬೆಸೆದು ಮುಚ್ಚಬೇಕು. ಚೀಟಿಯ ಮೇಲೆ ಸೀಸೆಯನ್ನು ತೆರೆದ ದಿನಾಂಕವಿರಲಿ. ಒಮ್ಮೆ ಹೊರತೆಗೆದ ಪುಡಿ ಎಷ್ಟೇ ಉಳಿದರೂ ಅದನ್ನು ಮರಳಿ ಸೀಸೆಗೆ ಹಾಕಕೂಡದು.